ಉಸಿರು ಊದಿದ ಗಾಜು

ಕೆಳಗಿನ ಅಂಗಡಿ, ನಿನ್ನ ಮೇಜು
೧೪ನೇ ತಾರೀಕು, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಜ್ಜನಿಗೆ ಬಾಲಂಗೋಚಿಯ ನಮಸ್ಕಾರ.

ಎದೆ ಹೇಗಿದೆ? ಕೆಮ್ಮು ಬೆಳಗ್ಗೆ ಮಾತ್ರ ಬರುತ್ತದೋ, ಮಲಗಿದಾಗಲೂ ಬರುತ್ತದೋ? ನಿನ್ನನ್ನು ಕೇಳಿ ಪ್ರಯೋಜನವಿಲ್ಲವೆಂದು ಗೊತ್ತು. ಹೋದ ಮೂರು ಪತ್ರಗಳಲ್ಲೂ 'ಗುಂಡುಕಲ್ಲಿನ ಹಾಗಿದ್ದೇನೆ' ಎಂದೇ ಬರೆದಿದ್ದೀಯ. ಅದೇ ಕಾಗದದ ಅಂಚಿನಲ್ಲಿ ಅತ್ತೆ ಪೆನ್ಸಿಲಿನಿಂದ ಸಣ್ಣಗೆ ಬರೆದದ್ದನ್ನು ನೀನು ನೋಡಿಲ್ಲವೆಂದು ಕಾಣುತ್ತದೆ. ಬಚ್ಚಲಿಗೆ ಹೋಗುವ ದಾರಿಯಲ್ಲಿ ಗುಂಡುಕಲ್ಲು ಮೂರು ಸಲ ನಿಲ್ಲುತ್ತದಂತೆ. ಯಾಕಪ್ಪ ನಿಂತೆ ಎಂದರೆ, ಗೋಡೆಯ ಬಣ್ಣ ನೋಡುತ್ತಿದ್ದೇನೆ ಎನ್ನುತ್ತದಂತೆ. ಅತ್ತೆಯ ಮನೆಯ ಗೋಡೆಗೆ ಸುಣ್ಣ ಬಿಟ್ಟು ಬೇರೆ ಬಣ್ಣ ನಾನಂತೂ ಕಂಡಿಲ್ಲ. ಅಲ್ಲಿಯ ಒಣಗಾಳಿ ನಿನಗೆ ಒಗ್ಗಲಿ, ಹೊತ್ತಿಗೆ ಸರಿಯಾಗಿ ಔಷಧಿ ತಗೋ, ಅತ್ತೆಯ ಮೇಲೆ ರೇಗಬೇಡ. ಫೋನು ಮಾಡು ಎಂದು ಅಪ್ಪ ಹೇಳುತ್ತಲೇ ಇರುತ್ತಾನೆ. ಆದರೆ ಫೋನಿನಲ್ಲಿ ನನಗೆ ಬಾಯಿ ಬರುವುದಿಲ್ಲ, ನಿನಗೆ ಕಿವಿ ಕೇಳುವುದಿಲ್ಲ. ನಮ್ಮಿಬ್ಬರಿಗೂ ಕಾಗದವೇ ಸರಿ.

ಇಲ್ಲಿ ಎಲ್ಲರೂ ಸೌಖ್ಯ. ಅಮ್ಮ ನಿನ್ನ ಶಾಲು ಒಗೆದು ಮಡಚಿಟ್ಟಿದ್ದಾಳೆ, ಆ ಕಡೆ ಯಾರಾದರೂ ಹೊರಟರೆ ಕಳುಹಿಸುತ್ತಾಳಂತೆ. ಅಪ್ಪನಿಗೆ ಮತ್ತೆ ಬೆಳಗಿನ ಪಾಳಿ. ಅಂಗಡಿಯನ್ನು ನಾನು ಭಾನುವಾರ ಭಾನುವಾರ ತೆರೆದು, ಧೂಳು ಹೊಡೆದು, ಗಾಳಿಯಾಡಿಸಿ ಮುಚ್ಚುತ್ತೇನೆ. ಈಗಲೂ ನೀನು ಗಾಜು ಉಜ್ಜುತ್ತಿದ್ದ ಮೇಜಿನ ಮೇಲೆಯೇ ಬರೆಯುತ್ತಿದ್ದೇನೆ. ಕನ್ನಡಿಗೆ ಹೊಯ್ಯುವ ಬೆಳ್ಳಿ ನೀರಿನ ಬಾಟಲಿಗಳನ್ನೆಲ್ಲ ಡಾಕ್ಟರ್ ಹೇಳಿದಂತೆ ಅಪ್ಪ ತೆಗೆಸಿಬಿಟ್ಟಿದ್ದಾನೆ. ಆದರೂ ಆ ಘಾಟು ಗೋಡೆಯೊಳಗೆ ಕೂತಿದೆ. ನಲವತ್ತು ವರ್ಷ ನಿನ್ನ ಎದೆಗೆ ಇಳಿದದ್ದು ನಾಲ್ಕು ತಿಂಗಳಲ್ಲಿ ಗೋಡೆಯಿಂದ ಹೋದೀತೇ? ಯಾರೋ ಮಾಡಿಸಲು ಹೇಳಿ ಒಯ್ಯದೇ ಬಿಟ್ಟ ಆ ಆಳೆತ್ತರದ ಕನ್ನಡಿ ಇನ್ನೂ ಮೂಲೆಯಲ್ಲಿದೆ. ಇವತ್ತು ಬರೆಯಬೇಕಾದ್ದನ್ನು ನನ್ನ ಮುಖ ನೋಡಿಕೊಂಡು ಬರೆಯಲಾರೆ ಎಂದು ಅದಕ್ಕೆ ಬಟ್ಟೆ ಹೊದಿಸಿದ್ದೇನೆ.

'ಆ ದೊಡ್ಡ ಕಟ್ಟಡದಲ್ಲಿ ನೀನು ಮಾಡೋದಾದ್ರೂ ಏನೇ, ಪಾತ್ರೆ ತೊಳೆಯೋದಾ?' ಎಂದು ಹೋದ ಪತ್ರದಲ್ಲಿ ಕೇಳಿದ್ದೆಯಲ್ಲ, ಹೆಚ್ಚುಕಡಿಮೆ ಅದೇ. ಆದರೆ ಆ ಪ್ರಯೋಗಾಲಯದಲ್ಲಿ ನಾನು ತೊಳೆಯುವುದು ಗಾಜು. ಬೆಂಕಿಪೆಟ್ಟಿಗೆಗಿಂತ ಚಿಕ್ಕದಾದ ಚೌಕದ ಗಾಜುಗಳು. ಅಲ್ಲಿ ಅವನ್ನು ಪ್ಲೇಟು ಎನ್ನುತ್ತಾರೆ. ಅವುಗಳ ಒಂದು ಮುಖಕ್ಕೆ ಕಣ್ಣಿಗೆ ಕಾಣದ, ಆದರೆ ಕರೆಂಟು ಹರಿಯುವ ಲೇಪನ ಇರುತ್ತದೆ. ಮೊದಲು ಸೋಪಿನ ನೀರು, ಆಮೇಲೆ ಬಟ್ಟಿ ಇಳಿಸಿದ ನೀರು, ಆಮೇಲೆ ಮೂಗಿಗೆ ಹೊಡೆಯುವ ಎರಡು ದ್ರವ. ಪ್ರತಿಯೊಂದರಲ್ಲೂ ಗುಂಯ್‌ಗುಡುವ ತೊಟ್ಟಿಯಲ್ಲಿಟ್ಟು ನಡುಗಿಸಿ, ಒಣಗಾಳಿ ಊದಿ, ಕೊನೆಗೆ ನೇರಳೆ ಬೆಳಕಿನ ಪೆಟ್ಟಿಗೆಯಲ್ಲಿ ಕಾಲು ಗಂಟೆ ಇಡಬೇಕು. ಅದರಿಂದ ಹೊರಗೆ ಬಂದ ಗಾಜು ಹಸುಗೂಸಿನ ಹಾಗೆ. ಏನು ಮುಟ್ಟಿದರೂ ಅಂಟಿಸಿಕೊಳ್ಳುತ್ತದೆ. ಅದನ್ನು ಚಿಮಟದಲ್ಲಿ ಹಿಡಿದು, ಟ್ರೇಯಲ್ಲಿ ಜೋಡಿಸಿ, ಗಾಜಿನ ಗೋಡೆಗೆ ಕೈಗವಸು ಸಿಕ್ಕಿಸಿದ ಒಂದು ದೊಡ್ಡ ಪೆಟ್ಟಿಗೆಯ ಬಾಗಿಲವರೆಗೆ ಒಯ್ದರೆ ನನ್ನ ಕೆಲಸ ಮುಗಿಯಿತು. ಅಲ್ಲಿಂದ ಮುಂದೆ ಓದಿದವರ ಕೆಲಸ. ಗಾಳಿಯನ್ನೆಲ್ಲ ಎಳೆದು ತೆಗೆದ ಉಕ್ಕಿನ ಪಾತ್ರೆಯಲ್ಲಿ ಬಣ್ಣಬಣ್ಣದ ಪುಡಿಗಳನ್ನು ಕಾಯಿಸುತ್ತಾರೆ. ಪುಡಿ ಆವಿಯಾಗಿ ಗಾಜಿನ ಮೇಲೆ ಸೋಪಿನ ಗುಳ್ಳೆಗಿಂತ ತೆಳ್ಳಗೆ ಪದರ ಪದರವಾಗಿ ಕೂರುತ್ತದೆ. ಎರಡು ಕಡೆ ತಂತಿ ಮುಟ್ಟಿಸಿದರೆ ಆ ಪದರವೇ ಬೆಳಗುತ್ತದೆ. ಬಲ್ಬೂ ಇಲ್ಲ, ಒಳಗೆ ಎಳೆಯೂ ಇಲ್ಲ, ಗಾಜಿಗೆ ಗಾಜೇ ಹಸಿರಾಗಿ ಹೊಳೆಯುತ್ತದೆ ಅಜ್ಜ. ಮೊದಲ ಸಲ ನೋಡಿದಾಗ ನೀನು ಬೆಳ್ಳಿ ಹೊಯ್ಯುವುದನ್ನು ನಾನು ಮೇಜಿನ ಕೆಳಗಿನಿಂದ ಇಣುಕಿ ನೋಡುತ್ತಿದ್ದ ದಿನಗಳು ನೆನಪಾದವು. ಖಾಲಿ ಗಾಜಿನಲ್ಲಿ ಮುಖ ಮೂಡುವುದಕ್ಕೂ ಖಾಲಿ ಗಾಜಿನಲ್ಲಿ ಬೆಳಕು ಮೂಡುವುದಕ್ಕೂ ಎಷ್ಟು ದೂರ?

ಅಲ್ಲಿ ನನಗೆ ಬೇಕಾದವರು ಇಬ್ಬರು. ಒಬ್ಬರು ಗಾಳಿ ಎಳೆಯುವ ಪಂಪುಗಳನ್ನು ನೋಡಿಕೊಳ್ಳುವ ಅಣ್ಣ. ಎಲ್ಲರೂ ಪಂಪಣ್ಣ ಎನ್ನುತ್ತಾರೆ. ಮುಖ ನೋಡಿದರೆ ಜಗಳಗಂಟ, ಆದರೆ ಕೆಟ್ಟ ಪಂಪಿನ ಮುಂದೆ ಕೂತು 'ಏನಾಯ್ತಪ್ಪ ನಿಂಗೆ, ಊಟ ಸರಿಯಾಗಿ ಮಾಡ್ಲಿಲ್ವಾ' ಎಂದು ಮಗುವಿನ ಹಾಗೆ ಮಾತಾಡಿಸುತ್ತಾರೆ. ಇನ್ನೊಬ್ಬರು ಅಣು ಮೇಡಂ. ಹೆಸರು ಬೇರೆ ಇದೆ. ಅವರೇ ಒಂದು ಹೊಸ ಅಣು ಕಟ್ಟಿದ್ದಾರೆ, ಹಗಲೂ ರಾತ್ರಿ ಅದರದೇ ಧ್ಯಾನ, ಅದಕ್ಕೇ ಹಾಗೆ ಕರೆಯುತ್ತಾರೆ. ನಾಲ್ಕು ವರ್ಷ ಬೇಯಿಸಿ, ಸೋಸಿ, ಮತ್ತೆ ಬೇಯಿಸಿ ಸಿಕ್ಕಿದ್ದು ಒಂದು ಬೆರಳುದ್ದದ ಬಾಟಲಿಯಲ್ಲಿ ಕಾಲು ಭಾಗ ಹಳದಿ ಪುಡಿ. ಆ ಮೇಡಂ ನನಗೆ ಯಾಕೆ ಇಷ್ಟವೆಂದರೆ, ಏನಾದರೂ ಕೇಳಿದರೆ ನಾನು ಉತ್ತರ ಹೇಳುವವರೆಗೆ ಕಾಯುತ್ತಾರೆ. ಶಾಲೆಯಲ್ಲಿ ಯಾರೂ ಕಾಯಲಿಲ್ಲ. ನನ್ನ ಬಾಯಿಗೆ ಮಾತು ಬರುವಷ್ಟರಲ್ಲಿ ಮೇಷ್ಟ್ರು ಮುಂದಿನ ಬೆಂಚಿಗೆ ಹೋಗಿರುತ್ತಿದ್ದರು. ಐದನೇ ತರಗತಿ ಮುಗಿಸಿ ನಿನ್ನ ಅಂಗಡಿಯಲ್ಲಿ ಬಂದು ಕೂತದ್ದು ಅದಕ್ಕೇ ತಾನೇ?

ಒಂದು ದಿನ ಮೇಡಂ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಪ್ಲೇಟು ಯಾಕೆ ಬೆಳಗುತ್ತದೆಂದು ಹೇಳಿದರು. ತಾಮ್ರದ ತಂತಿಯಲ್ಲಿ ಕರೆಂಟು ನಲ್ಲಿಯ ನೀರಿನಂತೆ ಸಲೀಸಾಗಿ ಹರಿಯುತ್ತದಂತೆ. ಈ ಪುಡಿಯ ಪದರದಲ್ಲಿ ಹಾಗಲ್ಲ. ಒಂದು ಅಣುವಿನಿಂದ ಪಕ್ಕದ ಅಣುವಿಗೆ ಜಿಗಿಯಬೇಕು, ಅಲ್ಲಿಂದ ಅದರ ಪಕ್ಕದ್ದಕ್ಕೆ. ನಾನು ಸುಮ್ಮನೆ ಕೇಳುತ್ತಿದ್ದವಳು, ಅದೇನು ಧೈರ್ಯ ಬಂತೋ, 'ನಮ್ಮ ಮೆಟ್ಟಿಲ ಮೇಲೆ ಕೊಡ ದಾಟಿಸ್ತೀವಲ್ಲ, ಹಾಗಾ?' ಎಂದುಬಿಟ್ಟೆ. ಮೋಟಾರು ಕೆಟ್ಟಾಗಲೆಲ್ಲ ನಮ್ಮ ಕಟ್ಟಡದವರು ಮೆಟ್ಟಿಲಿಗೊಬ್ಬರಂತೆ ನಿಂತು ಕೆಳಗಿನಿಂದ ಮೂರನೇ ಮಹಡಿಗೆ ಕೈಯಿಂದ ಕೈಗೆ ಕೊಡ ಏರಿಸುವುದನ್ನು ಹೇಳಿದೆ. ಮೇಡಂ ಮೇಜು ಕುಟ್ಟಿ, 'ಅದೇ ಕಣೇ! ಈಗ ಹೇಳು, ನಿನ್ನ ಕೊಡ ಮೇಲಿನವಳಿಗೆ ಕೊಟ್ಟ ಮೇಲೆ ನಿನ್ನ ಕೈ ಏನಾಯ್ತು?' ಎಂದರು. ಖಾಲಿಯಾಯಿತು ಎಂದೆ. 'ಕೆಳಗಿನವಳ ಕೊಡ ನೀನು ತಗೊಂಡೆ. ಈಗ ಯಾರ ಕೈ ಖಾಲಿ?' ಕೆಳಗಿನವಳದು. 'ಹಾಗಾದ್ರೆ ಕೊಡ ಮೇಲಕ್ಕೆ ಹೋಯ್ತು, ಖಾಲಿ ಕೈ ಕೆಳಕ್ಕೆ ಬಂತು. ಎರಡೂ ನಡೀತಾವೆ!' ಅಜ್ಜ, ಇಷ್ಟು ವರ್ಷ ಆ ಮೆಟ್ಟಿಲ ಮೇಲೆ ನಿಂತಿದ್ದೇನೆ, ಖಾಲಿ ಕೈಯೂ ನಡೆಯುತ್ತದೆಂದು ನನಗೆ ಹೊಳೆದಿರಲಿಲ್ಲ. ಪ್ಲೇಟಿನಲ್ಲಿ ಒಂದು ಕಡೆಯಿಂದ ಕೊಡಗಳು ಬರುತ್ತವೆ, ಇನ್ನೊಂದು ಕಡೆಯಿಂದ, ಅಂದರೆ ನಾನು ತೊಳೆದ ಗಾಜಿನ ಕಡೆಯಿಂದ, ಖಾಲಿ ಜಾಗಗಳು ಬರುತ್ತವೆ. ನಡುವೆ ತುಂಬಿದ್ದಕ್ಕೂ ಖಾಲಿಗೂ ಭೇಟಿಯಾದ ಕಡೆ ಬೆಳಕು ಹುಟ್ಟುತ್ತದೆ. ಒಂದು ಕಡೆಯವರು ತಡಮಾಡಿದರೆ ಭೇಟಿ ನಡುವೆ ಆಗದೆ ಅಂಚಿನಲ್ಲಿ ಆಗುತ್ತದೆ, ಬೆಳಕು ಅಲ್ಲೇ ಸಾಯುತ್ತದೆ. ಮೇಡಂ ಅವರ ಹಳದಿ ಅಣುವಿನ ಕೆಲಸ ಖಾಲಿ ಜಾಗಗಳನ್ನು ಹದವಾಗಿ ದಾಟಿಸುವುದು.

ಆಮೇಲೆ ನಾನು ಇನ್ನೊಂದು ಮಾತೂ ಆಡಿದೆ. ಎರಡನೇ ಮಹಡಿಯ ಮಾತಿನಮಲ್ಲಿ ಗೊತ್ತಲ್ಲ ನಿನಗೆ, ಸಾಲಿನಲ್ಲಿ ನಿಂತರೂ ಬಂದ ಕೊಡವನ್ನು ಸೊಂಟದ ಮೇಲಿಟ್ಟುಕೊಂಡು ಹರಟೆಗೆ ನಿಲ್ಲುತ್ತಾಳೆ, ಮೇಲಿನವರೂ ಕೆಳಗಿನವರೂ ಬಾಯಿಬಡಿದುಕೊಳ್ಳಬೇಕು. ಅವಳ ವಿಷಯ ಹೇಳಿದೆ. ಮೇಡಂ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಅಂಥವರು ಪದರದೊಳಗೂ ಇರುತ್ತಾರೆ ಎಂದರು. ಕೊಡ ಬಂದರೂ ಹಿಡಿದು ಕೂರುತ್ತಾರೆ, ಖಾಲಿ ಜಾಗ ಬಂದರೂ ಹಿಡಿದು ಕೂರುತ್ತಾರೆ, ಸಾಲೇ ನಿಂತುಹೋಗುತ್ತದೆ. ಅವತ್ತಿನಿಂದ ಆ ಕೋಣೆಯಲ್ಲಿ ಕೊಳೆಗೆ, ಕಲಬೆರಕೆಗೆ, ಕರೆಂಟು ಸಿಕ್ಕಿಬೀಳುವ ಯಾವುದೇ ಜಾಗಕ್ಕೆ ಹೆಸರು ಮಾತಿನಮಲ್ಲಿ. 'ಇವತ್ತು ಎಷ್ಟು ಮಲ್ಲಿಯರು?' ಎಂದು ಪಂಪಣ್ಣನೂ ಕೇಳುತ್ತಾರೆ. ನನ್ನ ಮಾತೊಂದು ಅಷ್ಟು ಜನರ ಬಾಯಲ್ಲಿ ಓಡಾಡುವುದನ್ನು ಕೇಳಿ ನಾನು ಎಷ್ಟು ಉಬ್ಬಿದ್ದೆನೆಂದರೆ ನಿನಗೆ ಬರೆಯಲೂ ನಾಚಿಕೆ.

ಈಗ ನಾಚಿಕೆ ಬೇರೆಯದು. ಕೇಳು. ಮೇಡಂ ಅಣುವಿನ ಪ್ಲೇಟುಗಳು ಬಾಳುತ್ತಿಲ್ಲ. ಹೊತ್ತಿಸಿದಾಗ ಚೆನ್ನಾಗಿಯೇ ಬೆಳಗುತ್ತವೆ. ಕೆಲವು ಗಂಟೆಗಳಲ್ಲಿ ಕಪ್ಪು ಚುಕ್ಕೆ ಏಳುತ್ತದೆ, ಚುಕ್ಕೆ ಹರಡಿ ಮರುದಿನಕ್ಕೆ ಮುಖವೆಲ್ಲ ಸಿಡುಬು ಬಂದಂತೆ. ಅದೇ ಯಂತ್ರ, ಅದೇ ತೊಟ್ಟಿ, ತೊಳೆಯುವವಳೂ ನಾನೇ, ಆದರೆ ಬೇರೆಯವರ ಪ್ಲೇಟುಗಳಿಗೆ ಏನೂ ಆಗಿಲ್ಲ. ಹಾಗಾಗಿ ದೋಷ ಅಣುವಿನದೇ ಎಂದು, ಅಲ್ಲಿ ಎಲ್ಲರ ಮೇಲಿರುವ ದೊಡ್ಡ ಸರ್ ತೀರ್ಮಾನಕ್ಕೆ ಬಂದಿದ್ದಾರೆ. ನಾಲ್ಕು ತಿಂಗಳಲ್ಲಿ ಒಂದೇ ಒಂದು ವಾರದ ಪ್ಲೇಟುಗಳು ಮಾತ್ರ ಬದುಕಿವೆ. ಮೇಡಂ ತಮ್ಮ ಪುಸ್ತಕದಲ್ಲಿ ಆ ವಾರದ ಸುತ್ತ ಕೆಂಪು ಗೆರೆ ಎಳೆದು, ಪಕ್ಕದಲ್ಲಿ ಪ್ರಶ್ನೆಯ ಗುರುತು ಹಾಕಿದ್ದಾರೆ. ಬರುವ ಮಂಗಳವಾರ ಸಭೆ. ಅವತ್ತು ಹಳದಿ ಬಾಟಲಿ ಕಪಾಟಿಗೆ, ಮೇಡಂ ಬೇರೆಯವರ ಕೆಲಸಕ್ಕೆ. ಹೋದ ಗುರುವಾರ ಮೇಡಂ ನನ್ನೆದುರೇ ಪಂಪಣ್ಣನಿಗೆ, 'ನಿಮ್ಮ ಪೆಟ್ಟಿಗೆಯೊಳಗೆ ಎಲ್ಲಾದ್ರೂ ತೇವ ನುಗ್ತಿದೆಯಾ? ಸ್ವಲ್ಪ ಸಾಕು. ಒಂದು ಉಸಿರಿನಷ್ಟು ತೇವ ಇದ್ರೂ ಸಾಲು ನಿಂತ್ಹೋಗುತ್ತೆ' ಎಂದರು. 'ನನ್ನ ಪೆಟ್ಟಿಗೆ ಉಸಿರೇ ಆಡಲ್ಲ ತಾಯಿ, ಬೇಕಾದ್ರೆ ಮತ್ತೆ ನೋಡ್ತೀನಿ' ಎಂದು ಪಂಪಣ್ಣ ಹೊರಟುಹೋದರು. ನಾನು ಕೈಯಲ್ಲಿದ್ದ ಚಿಮಟವನ್ನು ಕೆಳಗಿಟ್ಟೆ.

ಅಜ್ಜ, ನೀನು ನನಗೆ ಮೊದಲು ಕಲಿಸಿದ್ದು ಏನು? ಬೆಳ್ಳಿ ಹೊಯ್ಯುವ ಮುನ್ನ ಗಾಜಿನ ಮೇಲೆ ಉಸಿರು ಊದಿ ನೋಡುವುದು. ಮಬ್ಬು ಒಂದೇ ಸಮ ಹಿಡಿದು ಒಂದೇ ಸಮ ಆರಿದರೆ ಗಾಜು ಶುದ್ಧ. ಎಲ್ಲಾದರೂ ಜಿಡ್ಡಿದ್ದರೆ ಮಬ್ಬು ಅಲ್ಲಿ ಹರಿದು ಮಚ್ಚೆ ಬೀಳುತ್ತದೆ. 'ಕಣ್ಣಿಗೆ ಮೋಸ ಮಾಡಬಹುದು, ಉಸಿರಿಗೆ ಆಗಲ್ಲ ಕಣೇ' ಎನ್ನುತ್ತಿದ್ದೆ. ನಾನು ಅದನ್ನೇ ಮಾಡಿದೆ. ನೇರಳೆ ಪೆಟ್ಟಿಗೆಯಿಂದ ತೆಗೆದ ಮೇಲೆ, ಮೂತಿಗೆ ಕಟ್ಟಿದ ಬಟ್ಟೆಯನ್ನು ಗಲ್ಲದವರೆಗೆ ಇಳಿಸಿ, ಒಂದೊಂದು ಪ್ಲೇಟಿಗೂ ಹಾ ಎಂದು ಊದಿ, ಮಬ್ಬು ಆರುವವರೆಗೆ ನೋಡಿ ಟ್ರೇಗೆ ಇಡುತ್ತಿದ್ದೆ. ಆ ಪೆಟ್ಟಿಗೆಯಿಂದ ಬಂದ ಗಾಜಿನ ಮೇಲೆ ಮಬ್ಬು ಹಿಡಿಯುವ ಚಂದ ನೀನು ನೋಡಬೇಕಿತ್ತು, ರೇಷ್ಮೆ ಹಾಸಿದ ಹಾಗೆ. ಎಲ್ಲರ ಪ್ಲೇಟಿಗೂ ಊದಲು ಹೊತ್ತು ಸಿಗುತ್ತಿರಲಿಲ್ಲ. ಹಾಗಾಗಿ ಮೇಡಂ ಅವರದಕ್ಕೆ ಮಾತ್ರ ಊದುತ್ತಿದ್ದೆ. ನನಗೋಸ್ಕರ ಕಾಯುವವರಿಗೆ ನಾನು ಮಾಡಬಹುದಾದ ಹೆಚ್ಚಿನ ಕೆಲಸ ಅದೊಂದೇ ಎಂದು. ಕೆಂಪು ಗೆರೆ ಎಳೆದ ಆ ವಾರ ನನಗೆ ನೆಗಡಿಯಾಗಿತ್ತು. ಸೀನು ಬಂದರೆ ಕಷ್ಟವೆಂದು ಐದು ದಿನವೂ ಮೂತಿಯ ಬಟ್ಟೆ ಇಳಿಸಿರಲಿಲ್ಲ.

ಬಾಯೇ ಬಿಡದ ನಾನು ಆ ಕೋಣೆಯ ಮಾತಿನಮಲ್ಲಿ ಆದೆನಲ್ಲ ಅಜ್ಜ. ಬಾಯಿ ಬಿಟ್ಟರೆ ಏನಾಗುತ್ತದೆಂದು ಯೋಚಿಸುತ್ತೇನೆ. ಕೆಲಸದಿಂದ ತೆಗೆಯಬಹುದು, ಅದಿರಲಿ. ಮೇಡಂ ಇನ್ನು ಮುಂದೆ ನನ್ನ ಉತ್ತರಕ್ಕೆ ಕಾಯದೇ ಹೋಗಬಹುದು, ಅದು ಕಷ್ಟ. ಶುಕ್ರವಾರ ಎರಡು ಸಲ ಅವರ ಬಾಗಿಲವರೆಗೆ ಹೋದೆ. ಒಂದು ಸಲ ಅವರು ತಲೆಯೆತ್ತಿ 'ಏನೇ?' ಎಂದರು. ಕಾದರು. ಯಾವಾಗಲೂ ಕಾಯುವಷ್ಟೇ ಹೊತ್ತು ಕಾದರು. ನಾನು 'ಟ್ರೇ ಬೇಕಿತ್ತು' ಎಂದೆ. ಟ್ರೇ ನನ್ನ ಕೈಯಲ್ಲೇ ಇತ್ತು. ಅವರು ಅದನ್ನು ನೋಡಿದರು, ನಗಲಿಲ್ಲ.

ಇನ್ನೊಂದು ಸಂಕಟ ನಿನಗೆ ಸಂಬಂಧಪಟ್ಟದ್ದು. ಇದೆಲ್ಲಿ ಕಲಿತೆ ಎಂದು ಕೇಳಿದರೆ ನಿನ್ನ ಹೆಸರು ಹೇಳಬೇಕಾಗುತ್ತದೆ. ನಲವತ್ತು ವರ್ಷದಲ್ಲಿ ನಿನ್ನ ಅಂಗಡಿಯಿಂದ ಹೊರಟ ಒಂದು ಕನ್ನಡಿಗೂ ಮಚ್ಚೆ ಬಿದ್ದಿಲ್ಲ. ನೀನು ಊದಿ ನೋಡಿದ ಗಾಜಿನಲ್ಲಿ ಎಷ್ಟು ಜನ ಮದುವೆಯ ದಿನ ಮುಖ ನೋಡಿಕೊಂಡಿದ್ದಾರೋ. ಅಂಥ ಕಲಿಕೆಯನ್ನು, ಅಲ್ಲಿ ಬೆಂಚಿನ ಮೇಲೆ ಕೂತು, ಇದೇ ತಪ್ಪು ಎಂದು ಹೇಳಲು ನನಗೆ ನಾಲಿಗೆ ಹೊರಳುವುದಿಲ್ಲ. ನೀನು ಹೊರಟ ದಿನ ಬಸ್ಸಿನ ಕಿಟಕಿಯಲ್ಲಿ ಜೇಬಿನ ಕನ್ನಡಿ ತೆಗೆದು, ಅದರ ಮೇಲೆ ಊದಿ, 'ನೋಡು, ಇನ್ನೂ ಮಬ್ಬು ಹಿಡಿಯುತ್ತೆ. ನಿನ್ನಜ್ಜ ಗಟ್ಟಿ' ಎಂದು ತೋರಿಸಿ ತೋಳಿನಿಂದ ಒರೆಸಿಕೊಂಡೆಯಲ್ಲ, ಆಗ ನಾನೂ ನಕ್ಕೆ. ಆ ನಗು ಆಗಾಗ ನೆನಪಾಗುತ್ತದೆ.

ಏನು ಮಾಡಲಿ ಎಂದು ಕೇಳಲೆಂದೇ ಬರೆಯಲು ಕೂತೆ. ಆದರೆ ಈ ಕಾಗದ ನಿನ್ನನ್ನು ಮುಟ್ಟಿ, ನೀನು ಬರೆದದ್ದು ನನಗೆ ಸಿಗಲು ವಾರ ಬೇಕು. ಸಭೆ ನಾಡಿದ್ದು. ನಿನ್ನ ಮೇಜಿನ ಮೇಲೆ ಮೊಣಕೈ ಊರಿದರೆ ನೀನು ಎದುರಿಗೆ ಕೂತಂತೆಯೇ ಇದೆ. ಮಚ್ಚೆ ಬಿದ್ದ ಗಾಜನ್ನು ನೀನು ಎಂದೂ ಸುಮ್ಮನೆ ಗಿರಾಕಿಯ ಕೈಗೆ ಕೊಟ್ಟವನಲ್ಲ. 'ತಪ್ಪು ನಂದು, ಇನ್ನೊಂದು ಮಾಡಿಕೊಡ್ತೀನಿ' ಎಂದು ಮೊದಲೇ ಹೇಳಿ, ಆಮೇಲೆ ಮುಖ ಗಂಟಿಕ್ಕಿಕೊಂಡು ಕೂರುತ್ತಿದ್ದೆ. ಅದನ್ನೂ ನೋಡಿಯೇ ಬೆಳೆದವಳು ನಾನು.

ಅತ್ತೆಗೆ ನನ್ನ ನೆನಪು ಹೇಳು. ಅಮ್ಮ ನಿನಗೆ ನಮಸ್ಕಾರ ತಿಳಿಸಲು ಹೇಳಿದ್ದಾಳೆ, ಅಪ್ಪ ಔಷಧಿಯ ಚೀಟಿ ಕಳೆಯಬೇಡ ಎಂದಿದ್ದಾನೆ. ಬಿಸಿಲು ಏರುವ ಮುನ್ನ ಅಂಗಳದಲ್ಲಿ ನಾಲ್ಕು ಹೆಜ್ಜೆ ಹಾಕು, ಸುಸ್ತಾದರೆ ಗೋಡೆಯ ನೆಪ ಹೇಳದೆ ಕೂತುಕೋ. ನಿನ್ನ ಕಾಲಿಗೆ ಬಿದ್ದೆನೆಂದು ತಿಳಿದು ಅಲ್ಲಿಂದಲೇ ತಲೆ ಸವರು.

ನಿನ್ನ,
ಬಾಲಂಗೋಚಿ

ತಾಜಾ ಕಲಂ — ಕಾಗದ ಮೂರು ದಿನ ಚೀಲದಲ್ಲೇ ಉಳಿಯಿತು. ಬುಧವಾರ ಸಂಜೆ, ಅಂಚೆ ಡಬ್ಬಿಯ ಪಕ್ಕ ನಿಂತು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬಯ್ಯಬೇಡ. ಸೋಮವಾರ ಬೆಳಗ್ಗೆ ಹೇಳಿಬಿಟ್ಟೆ. ನಿನ್ನ ಹೆಸರನ್ನೂ ಹೇಳಿದೆ. ಮೇಡಂ 'ನಾಲ್ಕು ತಿಂಗಳು ಕಣೇ' ಎಂದಷ್ಟೇ ಹೇಳಿ ಎದ್ದುಹೋದರು. ಕೆಲಸ ಹೋಯಿತೆಂದು ನಾನು ಚೀಲ ಕೂಡ ಎತ್ತಿಕೊಂಡಿದ್ದೆ. ತಿರುಗಿ ಬಂದು ಎಂಟು ಪ್ಲೇಟು ಮುಂದಿಟ್ಟರು. 'ನಾಲ್ಕಕ್ಕೆ ಊದು, ನಾಲ್ಕಕ್ಕೆ ಊದಬೇಡ. ಯಾವುದು ಯಾವುದು ಅಂತ ನಂಗೆ ಹೇಳಬೇಡ, ನೀನೇ ಬರೆದಿಟ್ಟುಕೋ.' ಸಭೆಯನ್ನು ಒಂದು ದಿನ ಮುಂದಕ್ಕೆ ಹಾಕಿಸಿದರು. ಇವತ್ತು ದೊಡ್ಡ ಸರ್ ಎದುರಿಗೆ ನನ್ನ ಚೀಟಿ ಬಿಚ್ಚಿದರು. ನಾಲ್ಕು ಸಿಡುಬಾಗಿದ್ದವು, ಉಳಿದ ನಾಲ್ಕು, ಸೋಮವಾರ ಹೊತ್ತಿಸಿದಾಗ ಇದ್ದಷ್ಟೇ ಹಸಿರಾಗಿ ಉರಿಯುತ್ತಿದ್ದವು. ನನ್ನ ಚೀಟಿಯಲ್ಲಿದ್ದಂತೆಯೇ. ಬಾಟಲಿ ಕಪಾಟಿಗೆ ಹೋಗಲಿಲ್ಲ. 'ನಿನ್ನ ಉಸಿರಿಗೆ ಇಷ್ಟು ತಾಕತ್ತಿದೆ ಅಂತ ಗೊತ್ತಿರಲಿಲ್ಲಮ್ಮ' ಎಂದರು ಪಂಪಣ್ಣ. ಮೇಡಂ ಇನ್ನೂ ಸ್ವಲ್ಪ ಬಿಗುವಾಗಿಯೇ ಇದ್ದಾರೆ, ಇರಲಿ. ಆದರೆ ಹೊರಡುವಾಗ 'ನಾಳೆ ಎಷ್ಟು ಪ್ಲೇಟು ತೊಳೀತೀಯ?' ಎಂದು ಕೇಳಿ, ಉತ್ತರಕ್ಕೆ ಕಾದರು.

ಈಗ ನಿನ್ನ ವಿಷಯ ಅಜ್ಜ. ಅವತ್ತು ಬಸ್ಸಿನ ಕಿಟಕಿಯಲ್ಲಿ ನೀನು ಒರೆಸುವ ಮುನ್ನ ನಾನು ಕನ್ನಡಿ ನೋಡಿದ್ದೆ. ಮಬ್ಬು ನನ್ನ ಹೆಬ್ಬೆರಳಿನ ಉಗುರಿನಷ್ಟಿತ್ತು. ಮೊದಲೆಲ್ಲ ನೀನು ಊದಿದರೆ ಆಳೆತ್ತರದ ಗಾಜಿನ ಅರ್ಧ ಮುಚ್ಚುತ್ತಿತ್ತು. ಗೊತ್ತಿದ್ದೂ ನಕ್ಕೆ, ಯಾರಿಗೂ ಹೇಳಲಿಲ್ಲ, ನಾಲ್ಕು ತಿಂಗಳು ನಾನೂ ಹಿಡಿದುಕೊಂಡು ಕೂತೆ. ಅಪ್ಪನಿಗೆ ಇವತ್ತು ಹೇಳುತ್ತೇನೆ. ಮುಂದಿನ ವಾರ ಶುಕ್ರವಾರ ಅತ್ತೆ ಡಾಕ್ಟರ ಬಳಿ ಕರೆದುಕೊಂಡು ಹೋದಾಗ ಗುಂಡುಕಲ್ಲು ಅಂತ ಹೇಳಬೇಡ. ಜೇಬಿನ ಕನ್ನಡಿ ತೆಗೆದು ಅವರ ಮುಂದೆ ಊದು. ಅವರು ನೋಡುವವರೆಗೆ ಒರೆಸಬೇಡ.